‘ಹೊರಗಿನವರು ಬಂದಾರ, ಹುಷಾರ್’ ಅನ್ನೋ ಸುದ್ದಿ ಮೊಬೈಲಿಗೆ ಬಂದರೆ ಏನು ಮಾಡಬೇಕು?

ಕಲಬುರಗಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಬೋರ್ಡು ಝೆರಾಕ್ಸಿನದು, ಆದರೆ ಪಹಣಿ ತೆಗೆದುಕೊಡುವುದರಿಂದ ಹಿಡಿದು ಪೊಲೀಸ್ ಠಾಣೆಗೆ ದೂರು ಬರೆದುಕೊಡುವ ತನಕ ಎಲ್ಲಾ ನಡೆಯುತ್ತದೆ. ಅಂಗಡಿ ಎದುರಿಗೆ ಸಂಜೆ ಪಾನಿಪುರಿ ಗಾಡಿ ಹಚ್ಚುವ ಹುಡುಗ ಉತ್ತರ ಪ್ರದೇಶದವನು. ಬಂದು ಎಂಟು ವರ್ಷ ಆಯ್ತು. ಅರ್ಧ ಕನ್ನಡ, ಅರ್ಧ ಹಿಂದಿ, ನಡುನಡುವೆ ನಮ್ಮ ದಖನಿ. ಒಂದು ಸಂಜೆ ಅವನು ಗಾಡಿ ಹಚ್ಚಲಿಲ್ಲ. ಯಾಕೋ ಅಂದರೆ ಮೊಬೈಲು ಮುಂದೆ ಹಿಡಿದ. ಯಾವುದೋ ಲೋಕಲ್ ‘ನ್ಯೂಸ್’ ಚಾನೆಲ್ಲಿನ ವಿಡಿಯೊ. ಟಿವಿಯಲ್ಲಿ ಬರುವಂಥದ್ದಲ್ಲ, ಮೊಬೈಲಿನಲ್ಲಿ ಮಾತ್ರ ಇರುವಂಥದ್ದು. ಮೇಲೆ ಕೆಂಪು ಅಕ್ಷರ: ‘ನಗರಕ್ಕೆ ನುಗ್ಗಿದ ಹೊರರಾಜ್ಯದ ಗ್ಯಾಂಗ್!’ ಹಿಂದೆ ಒಂದು ಗಾಡಿಯ ಫೋಟೊ. ಗಾಡಿ ಇವನದು. ಅರ್ಧ ಮುಖವೂ ಇವನದೇ.

ಒಳಗೆ ಸುದ್ದಿ ಏನು ಅಂದರೆ, ಬೇರೆ ಬಡಾವಣೆಯಲ್ಲಿ ಒಂದು ಮನೆ ಕಳ್ಳತನ ಆಗಿದೆ, ಯಾರೂ ಸಿಕ್ಕಿಲ್ಲ. ಅಷ್ಟೇ. ಪಾನಿಪುರಿಗೂ ಅದಕ್ಕೂ ಸಂಬಂಧವೇ ಇಲ್ಲ. ಯಾರೋ ಎಡಿಟ್ ಮಾಡುವವನಿಗೆ ಒಂದು ‘ಹೊರಗಿನವನ’ ಫೋಟೊ ಬೇಕಾಗಿತ್ತು, ಹಾಕಿದ. ಕೆಳಗೆ ಕಾಮೆಂಟು ನೋಡಿದರೆ ‘ಒದ್ದು ಓಡಿಸ್ರಿ’, ‘ಇವರೆಲ್ಲ ಬಾಂಗ್ಲಾದವರೇ, ಆಧಾರ್ ಕೇಳ್ರಿ’ ಅಂತ ಉದ್ದಕ್ಕೆ.

ಆ ಫೋಟೊ ತೆಗೆಸುವುದಕ್ಕೆ ನಾನು ಮಾಡಿದ ಓಡಾಟ, ಮಾಡಿದ ತಪ್ಪು, ಆಮೇಲೆ ಕಲಿತದ್ದು, ಇಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಓಣಿಯಲ್ಲೂ ಇಂಥ ಹುಡುಗ ಇರುತ್ತಾನೆ. ಪುಣೆ, ಮುಂಬೈಯಲ್ಲಿ ಇನ್ಯಾರದೋ ಓಣಿಯಲ್ಲಿ ನಿಮ್ಮ ಮನೆಯ ಹುಡುಗನೇ ‘ಹೊರಗಿನವನು’ ಆಗಿ ಕೂತಿರಬಹುದು.

ಮೊದಲನೆಯದು: ಊರಿನ ಹೆಸರು ಬದಲಿಸಿ ಓದಿ

ಇದಕ್ಕೆ ಡೇಟಾನೂ ಬೇಡ, ಆ್ಯಪೂ ಬೇಡ. ‘ಬಿಹಾರಿಗಳು’ ಅಂತ ಇರುವ ಕಡೆ ‘ಯಾದಗಿರಿಯವರು’ ಅಂತ ಇಟ್ಟು ಜೋರಾಗಿ ಓದಿ. ‘ನಗರಕ್ಕೆ ಯಾದಗಿರಿಯವರ ಲಗ್ಗೆ, ಹೆಚ್ಚಿದ ಅಪರಾಧ.’ ಹೊಟ್ಟೆಯಲ್ಲಿ ಚುರುಕ್ ಅನ್ನುತ್ತದೆ ಅಲ್ವಾ? ಹಾಗಾದರೆ ಆ ತಲೆಬರಹದಲ್ಲಿ ಏನೋ ಕೆಟ್ಟದ್ದಿದೆ.

ಇದು ಸುಮ್ನೆ ಆಟಕ್ಕೆ ಹೇಳುತ್ತಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಶೆಡ್ಡುಗಳನ್ನು ಜೆಸಿಬಿ ತಂದು ಕೆಡವಿದರು. ಅದಕ್ಕೂ ಮುಂಚೆ ಕೆಲವು ದಿನ ಅಲ್ಲಿರುವವರೆಲ್ಲ ಅಕ್ರಮ ಬಾಂಗ್ಲಾದೇಶಿಗಳು ಅಂತ ವಿಡಿಯೊ ಓಡಾಡಿತ್ತು, ಟಿವಿಯಲ್ಲೂ ಬಂದಿತ್ತು. ಕೆಡವಿದ ಮೇಲೆ ವರದಿಗಾರರು ಹೋಗಿ ನೋಡಿದರೆ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದ ಜನ. ಆಧಾರ್, ವೋಟರ್ ಕಾರ್ಡು ಹಿಡಿದು ನಿಂತಿದ್ದರು. ವಿಷಯ ಹೈಕೋರ್ಟಿಗೆ ಹೋಯಿತು, ಜಾಗ ಖಾಲಿ ಮಾಡಿಸಲು ಪೊಲೀಸರು ಕೊಟ್ಟ ನೋಟಿಸನ್ನೇ ಕೋರ್ಟು ಪ್ರಶ್ನಿಸಿತು. ಆದರೆ ಅಷ್ಟರಲ್ಲಿ ತಗಡು ನೆಲಕ್ಕೆ ಬಿದ್ದಾಗಿತ್ತು. ನಮ್ಮ ಕಡೆಯಿಂದ ಗುಳೆ ಹೋದವನೇ ನಮ್ಮದೇ ರಾಜಧಾನಿಯಲ್ಲಿ ‘ವಿದೇಶಿ’ ಆದ.

ಅದೇ ವರ್ಷ ಮೇ ತಿಂಗಳು ನೆನಪಿದೆಯಾ? ಮುಂಬೈ, ಪುಣೆಯಿಂದ ನಮ್ಮ ತಾಂಡಾದ ಜನ, ಹಳ್ಳಿಯ ಜನ ಲಾರಿ ಹತ್ತಿ, ನಡೆದು, ಶ್ರಮಿಕ ರೈಲಿನಲ್ಲಿ ಕಲಬುರಗಿ, ಯಾದಗಿರಿಗೆ ವಾಪಸ್ ಬಂದರು. ಟಿವಿಯಲ್ಲಿ ಅವರಿಗೆ ಇಟ್ಟ ಹೆಸರು ‘ನಂಜು’, ‘ಕಂಟಕ’, ‘ಸ್ಫೋಟ’. ತಮ್ಮ ಊರಿಗೆ ತಾವು ಬಂದವರು ಅವರು. ಕೆಲವು ಹಳ್ಳಿಗಳಲ್ಲಿ ದಾರಿಗೆ ಮುಳ್ಳು ಹಾಕಿದರು. ನಾನೂ ಆವಾಗ ಅಂಥ ಒಂದೆರಡು ವಿಡಿಯೊ ಫಾರ್ವರ್ಡ್ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ದೇಶದ ಮೊದಲ ಕೊರೊನಾ ಸಾವು ಆದ ಊರು ನಮ್ಮದು, ಹೆದರಿದ್ದೆವು. ಹೆದರಿದಾಗಲೇ ಕೈ ಬೇಗ ಓಡುತ್ತದೆ.

ಪದ ಹಿಡಿಯಿರಿ

ಮನುಷ್ಯರ ಬಗ್ಗೆ ಬರೆಯುವಾಗ ನೀರು, ಹುಳ, ರೋಗ, ಸೈನ್ಯ ಇವುಗಳಿಗೆ ಬಳಸುವ ಪದ ಬಂದರೆ ಅಲ್ಲಿ ನಿಲ್ಲಿ. ಪ್ರವಾಹ, ದಂಡು, ಲಗ್ಗೆ, ನುಸುಳು, ನಂಜು, ಅಡ್ಡೆ. ಒಂದು ಪದ ಬಂದ ಮಾತ್ರಕ್ಕೆ ಬರೆದವನು ದುಷ್ಟ ಅಂತಲ್ಲ. ಎಷ್ಟೋ ಸಲ ಡೆಸ್ಕಿನಲ್ಲಿ ಕೂತವನಿಗೆ ರಾತ್ರಿ ಹನ್ನೊಂದಕ್ಕೆ ಬೇರೆ ಪದ ಹೊಳೆದಿರುವುದಿಲ್ಲ. ಆದರೆ ಪದ ದಿನಾ ಕೇಳಿ ಕೇಳಿ ಕಿವಿಗೆ ಒಗ್ಗಿಬಿಡುತ್ತದೆ. ರುವಾಂಡಾದಲ್ಲಿ 1994ರ ನರಮೇಧದ ಹೊತ್ತಿಗೆ ಅಲ್ಲಿನ ರೇಡಿಯೊ ಒಂದು ಟುಟ್ಸಿ ಜನರನ್ನು ‘ಜಿರಳೆ’ ಅಂತಲೇ ಕರೆಯುತ್ತಿತ್ತು. ಆ ರೇಡಿಯೊ ಮತ್ತು ಒಂದು ಪತ್ರಿಕೆಗೆ ಸಂಬಂಧಪಟ್ಟ ಮೂವರನ್ನು 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ದೋಷಿಗಳು ಅಂತ ತೀರ್ಪು ಕೊಟ್ಟಿತು. ಆ ಕೇಸಿನ ಮುಖ್ಯ ಆರೋಪ ಮಚ್ಚು ಹಿಡಿದದ್ದಲ್ಲ, ಮಾತಿನಿಂದ, ಬರಹದಿಂದ ಜನರನ್ನು ಎತ್ತಿಕಟ್ಟಿದ್ದು.

ಇನ್ನೊಂದು ಗೊಂದಲ ಇದೆ. ವಲಸಿಗ, ನಿರಾಶ್ರಿತ, ಅಕ್ರಮ ವಾಸಿ, ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಸೇಡಂ, ವಾಡಿಯ ಸಿಮೆಂಟ್ ಫ್ಯಾಕ್ಟರಿಗೆ ಬರುವ ಒಡಿಶಾದವನು ವಲಸೆ ಕಾರ್ಮಿಕ. ಅವನು ಇಲ್ಲಿ ಬಂದು ದುಡಿಯುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು, ಯಾರ ದಯೆಯೂ ಅಲ್ಲ. ನಿರಾಶ್ರಿತ ಅಂದರೆ ಜೀವಭಯದಿಂದ ದೇಶ ಬಿಟ್ಟು ಬಂದವನು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ಅದಕ್ಕಂತಲೇ ಪ್ರತ್ಯೇಕ ಕಾನೂನೂ ಇಲ್ಲ. ಆದರೂ ಜನ ಬಂದು ನೆಲೆಸಿದ್ದಾರೆ. ಬೈಲಕುಪ್ಪೆ, ಮುಂಡಗೋಡಿನ ಟಿಬೆಟಿಯನ್ನರು ಎಲ್ಲರಿಗೂ ಗೊತ್ತು. ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲೇ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳಿವೆ. ಇನ್ನು ಯಾರು ಅಕ್ರಮವಾಗಿ ಬಂದವರು ಅನ್ನುವುದನ್ನು ಹೇಳಬೇಕಾದದ್ದು ಕಾನೂನು ಪ್ರಕಾರ ಅಧಿಕಾರ ಇರುವವರು, ದಾಖಲೆ ನೋಡಿ. ಬಟ್ಟೆ, ಗಡ್ಡ, ಭಾಷೆ ನೋಡಿ ಮೈಕ್ ಹಿಡಿದವನು ಹೇಳುವುದಲ್ಲ. ಮತ್ತೆ, ಅಕ್ರಮವಾಗಿ ಬಂದವನಿಗೂ ಜೀವ ಅನ್ನುವುದು ಇದೆ. 21ನೇ ವಿಧಿಯಲ್ಲಿ ‘ವ್ಯಕ್ತಿ’ ಅಂತಿದೆ, ‘ನಾಗರಿಕ’ ಅಂತಿಲ್ಲ.

ವಿಡಿಯೊ ಎಲ್ಲಿಯದು, ಯಾವಾಗಿನದು

ಈ ಹಂತದಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ. ಇದು ತಪ್ಪಿದ್ದಕ್ಕೆ ನಮ್ಮ ಬೀದರ್ ಜಿಲ್ಲೆಯಲ್ಲಿ ಒಂದು ಜೀವ ಹೋಗಿದೆ.

2018ರ ಜುಲೈ 13. ಹೈದರಾಬಾದಿನಿಂದ ಕೆಲವು ಗೆಳೆಯರು ಔರಾದ್ ಕಡೆ ಒಬ್ಬ ಪರಿಚಿತರ ಹಳ್ಳಿಗೆ ಬಂದಿದ್ದರು. ಅವರಲ್ಲಿ ಒಬ್ಬ ಕತಾರ್ ದೇಶದವನು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಇಷ್ಟೇ ನಡೆದದ್ದು. ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪಿನಲ್ಲಿ ಹಬ್ಬಿತು. ಅವರು ಕಾರು ಹತ್ತಿ ತಪ್ಪಿಸಿಕೊಂಡರೂ ಸುದ್ದಿ ಕಾರಿಗಿಂತ ಮುಂದೆ ಓಡಿ ಮುರ್ಕಿ ಗ್ರಾಮ ಮುಟ್ಟಿತ್ತು. ಅಲ್ಲಿ ದಾರಿ ಕಟ್ಟಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ, ಉಳಿದವರಿಗೆ ಗಾಯ, ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ನೂ ಇದ್ದ. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಹುಡುಗನನ್ನೂ ಇದೇ ವದಂತಿಗೆ ಹೊಡೆದು ಕೊಂದಿದ್ದರು.

ಆ ವರ್ಷ ದೇಶದ ತುಂಬಾ ಓಡಾಡಿದ ಒಂದು ವಿಡಿಯೊ ಇತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಗೆ ಅದೇ ಬೈಕು ವಾಪಸ್ ಬಂದು ಮಗುವನ್ನು ಬಿಟ್ಟು ಒಂದು ಫಲಕ ತೋರಿಸುತ್ತದೆ. ಆ ಕೊನೆಯ ತುಂಡನ್ನು ಯಾರೋ ಕತ್ತರಿಸಿ ಬಿಟ್ಟರು.

ಹಾಗಾಗಿ ವಿಡಿಯೊ ಬಂದಾಗ ಮಾಡಬೇಕಾದದ್ದು ಇದು. ವಾಟ್ಸ್‌ಆ್ಯಪಿನಲ್ಲಿ ಬಂದಿದ್ದರೆ ಮೊದಲು ಮೇಲೆ ಎರಡು ಬಾಣದ ಗುರುತು ಇದೆಯಾ ನೋಡಿ. ಇದ್ದರೆ ಅದು ಕಡಿಮೆ ಅಂದರೂ ಐದು ಕೈ ದಾಟಿ ಬಂದಿದೆ ಅಂತ ಅರ್ಥ, ಕಳಿಸಿದವನಿಗೂ ಮೂಲ ಗೊತ್ತಿಲ್ಲ. 2020ರಿಂದ ಇಂಥ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಬಿಡುತ್ತಾರೆ, ಅದೂ ಈ ಸಾವುಗಳ ಪಾಠದಿಂದಲೇ ಶುರುವಾದ ನಿಯಮಗಳ ಸಾಲಿನದು. ಆಮೇಲೆ ವಿಡಿಯೊ ನಿಲ್ಲಿಸಿ, ಅಂಗಡಿ ಬೋರ್ಡು, ಗಾಡಿ ನಂಬರು, ಪೊಲೀಸರ ಟೋಪಿ ಕಾಣುವ ಜಾಗದಲ್ಲಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿ. ಬೋರ್ಡಿನ ಲಿಪಿ ನೋಡಿ. ‘ಕಲಬುರಗಿಯಲ್ಲಿ ನಡೆದದ್ದು’ ಅಂತ ಹೇಳುವ ವಿಡಿಯೊದಲ್ಲಿ ಒಂದೂ ಕನ್ನಡ, ಉರ್ದು ಬೋರ್ಡು ಇಲ್ಲ ಅಂದರೆ ಏನೋ ಸರಿ ಇಲ್ಲ. ನ್ಯೂಸ್‌ಚೆಕರ್, ನ್ಯೂಸ್‌ಮೀಟರ್‌ನಂಥ ಫ್ಯಾಕ್ಟ್‌ಚೆಕ್ ತಾಣಗಳು ಕನ್ನಡದಲ್ಲೂ ಬರೆಯುತ್ತವೆ, ಅಲ್ಲಿ ಎರಡು ಪದ ಹೊಡೆದು ಹುಡುಕಿ. ಇನ್ನೂ ಸುಲಭದ್ದು: ಆ ಊರಿನಲ್ಲಿ ನಿಮ್ಮ ಬೀಗರಿದ್ದರೆ ಫೋನ್ ಮಾಡಿ. ಬೀದರ್‌ನಿಂದ ಕಲಬುರಗಿ ತನಕ ಬೀಗರಿಲ್ಲದ ಊರು ಯಾವುದಿದೆ ಹೇಳಿ.

ಸ್ಕ್ರೀನ್‌ಶಾಟ್, ‘ಸರ್ಕಾರಿ ಆದೇಶ’, ‘ಪೊಲೀಸ್ ಪ್ರಕಟಣೆ’ ಇವುಗಳ ಬಗ್ಗೆ ಇನ್ನೂ ಹುಷಾರ್. ನಕಲಿ ಕಾಗದದಿಂದ ಹೊರಗಿನವನನ್ನು ಮುಗಿಸುವುದು ಬೀದರ್‌ಗೆ ಹೊಸದಲ್ಲ. ಮಹಮೂದ್ ಗವಾನ್ ಇರಾನಿನ ಗಿಲಾನ್‌ನಿಂದ ಬಂದವನು, ಬಹಮನಿ ರಾಜ್ಯದ ಪ್ರಧಾನಿಯಾದ, 1472ರಲ್ಲಿ ಈಗಲೂ ನಾವು ನೋಡಲು ಹೋಗುವ ಮದರಸಾ ಕಟ್ಟಿಸಿದ. ಆಸ್ಥಾನದಲ್ಲಿ ದಖನಿಗಳು ಒಂದು ಕಡೆ, ಹೊರಗಿನಿಂದ ಬಂದ ಆಫಾಕಿಗಳು ಒಂದು ಕಡೆ. ಆಗದವರು ಅವನ ಮೊಹರು ಇದ್ದ ಖಾಲಿ ಕಾಗದ ಸಂಪಾದಿಸಿ, ಒಡಿಶಾದ ರಾಜನಿಗೆ ದಾಳಿ ಮಾಡಲು ಕರೆದಂತೆ ಪತ್ರ ಬರೆದು ಸುಲ್ತಾನನ ಮುಂದೆ ಇಟ್ಟರು ಅಂತ ಚರಿತ್ರೆಕಾರರು ಹೇಳುತ್ತಾರೆ. ಸುಲ್ತಾನ ಪತ್ರ ಯಾರು ತಂದರು, ಎಲ್ಲಿಂದ ಬಂತು ಅಂತ ವಿಚಾರಿಸಲಿಲ್ಲ. 1481ರಲ್ಲಿ ಗವಾನನ ತಲೆ ಹೋಯಿತು. ಮೊಹರು ಅಸಲಿ, ಬರೆದದ್ದು ನಕಲಿ. ಇವತ್ತು ಚಾನೆಲ್ ಲೋಗೋ ಅಸಲಿ ಇರುತ್ತದೆ, ಒಳಗಿನ ಅಕ್ಷರ ಯಾರೋ ಕೂರಿಸಿದ್ದು. ಲೋಗೋ ನೋಡಿ ನಂಬಬೇಡಿ, ಆ ಚಾನೆಲ್ಲಿನ ಸ್ವಂತ ಪೇಜಿಗೆ ಹೋಗಿ ಆ ಸುದ್ದಿ ಇದೆಯಾ ನೋಡಿ.

ವಲಸಿಗರ ಪರ ಅಂತ ಕಾಣುವ ಸುಳ್ಳೂ ಇರುತ್ತದೆ, ಅದು ನೆನಪಿರಲಿ. 2023ರ ಮಾರ್ಚ್‌ನಲ್ಲಿ ತಮಿಳುನಾಡಿನಲ್ಲಿ ಬಿಹಾರಿ ಕೂಲಿಕಾರರನ್ನು ಕೊಲ್ಲುತ್ತಿದ್ದಾರೆ ಅಂತ ಬೇರೆ ಬೇರೆ ಕಡೆಯ ವಿಡಿಯೊ ಹಬ್ಬಿಸಿದರು. ಹೆದರಿ ಎಷ್ಟೋ ಜನ ಕೆಲಸ ಬಿಟ್ಟು ರೈಲು ಹತ್ತಿದರು. ಅಲ್ಲಿನ ಪೊಲೀಸರು ಅವು ಸುಳ್ಳು ಅಂತ ಹೇಳಿ ಕೇಸು ಹಾಕಿದರು. 2012ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ದೂ ವದಂತಿಗೇ.

ಸಿಟ್ಟೋ, ದ್ವೇಷವೋ?

ಯಾದಗಿರಿ ಜಿಲ್ಲೆಯ ಕಡೇಚೂರಿನ ಕಾರ್ಖಾನೆಗಳಲ್ಲಿ ಜಮೀನು ಕೊಟ್ಟ ರೈತರ ಮಕ್ಕಳಿಗೆ ಕೆಲಸ ಕೊಡಿ ಅಂತ ಕೇಳಿದರೆ ಅದು ದ್ವೇಷ ಅಲ್ಲ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಓದು, ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಪೂರ್ತಿ ಜಾರಿ ಮಾಡಿ ಅನ್ನುವುದು ದ್ವೇಷ ಅಲ್ಲ. ಹೊರಗಿನ ಕಾರ್ಮಿಕರಿಗೆ ಕಡಿಮೆ ಕೂಲಿ ಕೊಟ್ಟು ಸ್ಥಳೀಯರನ್ನು ಬಿಡುತ್ತಾರೆ ಅಂತ ಗುತ್ತಿಗೆದಾರನ ಮೇಲೆ ಬರೆದರೆ ಒಳ್ಳೆಯ ಪತ್ರಿಕೋದ್ಯಮ, ಇನ್ನೂ ಬರೆಯಲಿ. ನನಗೂ ಆ ಸಿಟ್ಟಿದೆ, ನನ್ನ ತಮ್ಮ ಡಿಪ್ಲೊಮಾ ಮಾಡಿ ಎರಡು ವರ್ಷ ಮನೆಯಲ್ಲಿ ಕೂತಿದ್ದ. ಆದರೆ ‘ಆ ಭಾಷೆಯವರೆಲ್ಲ ಕಳ್ಳರು, ಮನೆ ಬಾಡಿಗೆ ಕೊಡಬೇಡಿ, ಸಿಕ್ಕಲ್ಲಿ ಹೊಡೀರಿ’ ಅನ್ನುವುದು ಬೇರೆ. ಮೊದಲನೆಯದು ಕಂಪನಿಗೆ, ಸರ್ಕಾರಕ್ಕೆ ಕೇಳುವ ಪ್ರಶ್ನೆ. ಎರಡನೆಯದು ಪಾನಿಪುರಿ ಹುಡುಗನ ಬೆನ್ನಿಗೆ ಬೀಳುವ ಏಟು.

ನಡುವೆ ಇರುವಂಥವಕ್ಕೆ ವಿಶ್ವಸಂಸ್ಥೆಯ ಕಡೆಯಿಂದ 2012ರಲ್ಲಿ ಬಂದ ರಬಾತ್ ಕಾರ್ಯಯೋಜನೆ ಆರು ಸಂಗತಿ ನೋಡಿ ಅನ್ನುತ್ತದೆ. ನಮ್ಮ ಮಾತಿನಲ್ಲಿ ಹೇಳಿದರೆ: ಊರಿನ ಪರಿಸ್ಥಿತಿ ಹೇಗಿದೆ, ಹೇಳಿದವನು ಯಾರು, ಉದ್ದೇಶ ಏನು, ಏನು ಹೇಳಿದ ಮತ್ತು ಹೇಗೆ, ಎಷ್ಟು ಜನಕ್ಕೆ ಮುಟ್ಟಿತು, ಅದರಿಂದ ಏಟು ಬೀಳುವ ಸಾಧ್ಯತೆ ಎಷ್ಟು. ಚಹಾದಂಗಡಿಯಲ್ಲಿ ಒಬ್ಬ ಕಾಕಾ ಬೈದದ್ದಕ್ಕೂ ಲಕ್ಷ ಜನ ನೋಡುವ ಚಾನೆಲ್ಲಿನ ಆ್ಯಂಕರ್ ಅದೇ ಮಾತು ಹೇಳಿದ್ದಕ್ಕೂ ಫರಕು ಇದೆ. ಕಾಕಾನಿಗೆ ಚಹಾ ಕುಡಿಸಿ ಮಾತಾಡಿ. ಆ್ಯಂಕರ್ ಮೇಲೆ ದೂರು ಕೊಡಿ.

ದೂರಿಗೆ ಮುಂಚೆ ಸಾಕ್ಷಿ

ಸಿಟ್ಟು ಬಂದ ತಕ್ಷಣ ಕಾಮೆಂಟಿನಲ್ಲಿ ಬೈದರೆ ಅವರು ವಿಡಿಯೊ ಅಳಿಸುತ್ತಾರೆ, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಲಿಂಕ್ ನಕಲು ಮಾಡಿ ಇಟ್ಟುಕೊಳ್ಳಿ. ಚಾನೆಲ್ ಹೆಸರು, ತಾರೀಕು, ಎಷ್ಟನೇ ನಿಮಿಷದಲ್ಲಿ ಯಾವ ಮಾತು ಅಂತ ಬರೆದಿಡಿ. ಪೂರ್ತಿ ಪರದೆ ಕಾಣುವಂತೆ ಸ್ಕ್ರೀನ್‌ಶಾಟ್, ಸಾಧ್ಯವಾದರೆ ಸ್ಕ್ರೀನ್ ರೆಕಾರ್ಡಿಂಗ್. ವೆಬ್ ಸುದ್ದಿಯಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಆ ಪುಟ ಉಳಿಸಬಹುದು, ಆಮೇಲೆ ಅವರು ತಿದ್ದಿದರೂ ಹಳೆಯದು ಅಲ್ಲಿರುತ್ತದೆ. ತೆಗೆದ ಮೊಬೈಲನ್ನು ಫಾರ್ಮ್ಯಾಟ್ ಮಾಡಬೇಡಿ. ಕೇಸು ಕೋರ್ಟಿಗೆ ಹೋದರೆ ಡಿಜಿಟಲ್ ಸಾಕ್ಷಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ವಕೀಲರು ಅದನ್ನೇ ಮೊದಲು ಕೇಳುತ್ತಾರೆ.

ಮತ್ತೆ ಒಂದು. ‘ನೋಡ್ರಿ ಎಂಥಾ ಕೆಟ್ಟ ಸುದ್ದಿ’ ಅಂತ ಆ ವಿಡಿಯೊವನ್ನೇ ಹತ್ತು ಗ್ರೂಪಿಗೆ ಕಳಿಸಬೇಡಿ. ಒಳ್ಳೆಯ ಮನಸ್ಸಿನವರು ಜಾಸ್ತಿ ಮಾಡುವ ತಪ್ಪು ಇದೇ. ವಿರೋಧಕ್ಕೆ ಅಂತ ಹಂಚಿದ್ದೂ ಹಂಚಿದ್ದೇ.

ದೂರು ಎಲ್ಲಿ ಕೊಡಬೇಕು

ಇಲ್ಲಿ ನನ್ನ ತಪ್ಪು ಹೇಳಿಬಿಡುತ್ತೇನೆ. ನಮ್ಮ ಹುಡುಗನ ವಿಡಿಯೊಗೆ ನಾನು ಅವಸರದಲ್ಲಿ ‘ಸ್ಪ್ಯಾಮ್’ ಅನ್ನುವ ಕಾಲಂ ಒತ್ತಿ, ಮನೆಯವರ ಮೊಬೈಲಿನಿಂದಲೂ ಅದನ್ನೇ ಒತ್ತಿಸಿ, ಆಗಿಹೋಯ್ತು ಅಂತ ಕೂತೆ. ಏನೂ ಆಗಲಿಲ್ಲ, ಆಗಬೇಕಾದದ್ದೂ ಇಲ್ಲ. ಅದು ಸ್ಪ್ಯಾಮೇ ಅಲ್ಲ. ದ್ವೇಷದ ಮಾತಿಗೆ ದ್ವೇಷದ ಕಾಲಂ ಇದೆ. ಮುಖ ಬಳಸಿದ್ದಕ್ಕೆ ಖಾಸಗಿತನದ ದೂರು ಅಂತಲೇ ಬೇರೆ ದಾರಿ ಇದೆ, ಯೂಟ್ಯೂಬಿನಂಥ ಕಡೆ ಅದನ್ನು ಸಾಮಾನ್ಯವಾಗಿ ಮುಖ ಇರುವವನೇ ಕೊಡಬೇಕು, ಅವನ ಪರವಾಗಿ ನಾವು ಕೊಟ್ಟರೆ ನಡೆಯುವುದಿಲ್ಲ. ಎರಡನೇ ಸಲ ಅವನನ್ನೇ ಕೂರಿಸಿ, ಅವನ ಖಾತೆಯಿಂದ, ಎಷ್ಟನೇ ಸೆಕೆಂಡಿನಲ್ಲಿ ಮುಖ ಕಾಣುತ್ತದೆ ಅಂತ ಬರೆದು ಕೊಟ್ಟೆವು. ಜೊತೆಗೆ ಚಾನೆಲ್‌ನವರಿಗೇ ಒಂದು ಇಮೇಲ್. ಹನ್ನೊಂದನೇ ದಿನ ಫೋಟೊ ಬದಲಾಯಿತು. ಕಾಮೆಂಟು ಹಾಗೇ ಉಳಿದವು.

ದೂರಿನ ದಾರಿ ಸುದ್ದಿ ಎಲ್ಲಿ ಬಂದಿದೆ ಅನ್ನುವುದರ ಮೇಲೆ ಇದೆ.

ಟಿವಿ ಚಾನೆಲ್ ಆದರೆ ಮೊದಲು ಆ ಚಾನೆಲ್ಲಿಗೇ ಬರೆಯಬೇಕು, ಪ್ರಸಾರ ಆದ 7 ದಿನದೊಳಗೆ. ಈ 7 ದಿನ ಬಹಳ ಮುಖ್ಯ, ಇಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಅವರ ಉತ್ತರ ಸರಿ ಅನ್ನಿಸದಿದ್ದರೆ ಅಥವಾ ಉತ್ತರವೇ ಬರದಿದ್ದರೆ ಎನ್‌ಬಿಡಿಎಸ್‌ಎಗೆ, ಅಂದರೆ ಸುದ್ದಿವಾಹಿನಿಗಳೇ ಕಟ್ಟಿಕೊಂಡ ಮಾನದಂಡ ಪ್ರಾಧಿಕಾರಕ್ಕೆ, 14 ದಿನದೊಳಗೆ ಹೋಗಬೇಕು. ಸದಸ್ಯ ಚಾನೆಲ್ಲುಗಳಿಗೆ ಮಾತ್ರ ಅದರ ಮಾತು ನಡೆಯುತ್ತದೆ, ಅದಕ್ಕೆ ಮೊದಲು ಸದಸ್ಯರ ಪಟ್ಟಿ ನೋಡಿ. ‘ಇದರಿಂದೆಲ್ಲ ಏನಾಗ್ತದ್ರಿ’ ಅಂತ ಕೇಳುವವರಿಗೆ: 2020ರಲ್ಲಿ ಕೊರೊನಾ ಹಬ್ಬಿಸಿದ್ದು ತಬ್ಲೀಗಿ ಜಮಾತಿನವರೇ ಅಂತ ಬಂದ ಸುದ್ದಿಗಳ ಬಗ್ಗೆ ಬೆಂಗಳೂರಿನ ಒಂದು ಬಳಗ ಹೀಗೇ ದೂರು ಕೊಟ್ಟಿತ್ತು. 2021ರ ಜೂನ್‌ನಲ್ಲಿ ಎರಡು ಕನ್ನಡ ಸುದ್ದಿವಾಹಿನಿಗಳಿಗೆ ದಂಡ ಬಿತ್ತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ. ಚಾನೆಲ್ಲಿಗೆ ಆ ದುಡ್ಡು ದೊಡ್ಡದಲ್ಲ, ಆದರೆ ಆದೇಶ ಅನ್ನುವುದು ದಾಖಲೆ. ಮುಂದಿನ ದೂರಿಗೆ ಅದನ್ನು ಲಗತ್ತಿಸಬಹುದು.

ಪತ್ರಿಕೆ ಆದರೆ ಸಂಪಾದಕರಿಗೆ ಪತ್ರ, ಆಮೇಲೆ ಪ್ರೆಸ್ ಕೌನ್ಸಿಲ್. ದಿನಪತ್ರಿಕೆ, ವಾರಪತ್ರಿಕೆಗೆ ಪ್ರಕಟವಾದ 2 ತಿಂಗಳೊಳಗೆ. ಕೌನ್ಸಿಲ್‌ಗೆ ದಂಡ ಹಾಕುವ ಅಧಿಕಾರ ಇಲ್ಲ, ಎಚ್ಚರಿಕೆ, ಖಂಡನೆ ಇಷ್ಟೇ. ಆದರೂ ಸಂಪಾದಕರಿಗೆ ಬರೆದ ಮೊದಲ ಪತ್ರವೇ ಎಷ್ಟೋ ಸಲ ಕೆಲಸ ಮಾಡುತ್ತದೆ. ನಮ್ಮ ಜಿಲ್ಲೆಗಳಲ್ಲಿ ವರದಿಗಾರರು ಗುರುತಿನವರೇ ಇರುತ್ತಾರೆ, ಮುಖ ಮುರಿಯದಂತೆ ಹೇಳಿದರೆ ಕೇಳುತ್ತಾರೆ.

ಸುದ್ದಿ ವೆಬ್‌ಸೈಟು, ಫೇಸ್‌ಬುಕ್, ಯೂಟ್ಯೂಬ್ ಎಲ್ಲದಕ್ಕೂ 2021ರ ಐಟಿ ನಿಯಮದಂತೆ ಕುಂದುಕೊರತೆ ಅಧಿಕಾರಿ ಇರಬೇಕು, ಅವರ ವಿವರ ಪುಟದಲ್ಲಿ ಕಾಣಬೇಕು, ದೂರು ಬಂದ 24 ಗಂಟೆಯೊಳಗೆ ‘ಮುಟ್ಟಿದೆ’ ಅಂತ ಹೇಳಬೇಕು. ಫೇಸ್‌ಬುಕ್, ಯೂಟ್ಯೂಬಿನವರ ಉತ್ತರ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ದುಡ್ಡು ಬೇಡ, ವಕೀಲರೂ ಬೇಡ.

ದೂರು ಚಿಕ್ಕದಿರಲಿ. ಬೈಗುಳ ಬೇಡ, ಭಾಷಣ ಬೇಡ. ಒಂದು ಮಾದರಿ ಕೊಡುತ್ತೇನೆ:

‘ಮಾನ್ಯರೇ, ತಮ್ಮ ಚಾನೆಲ್ಲಿನಲ್ಲಿ (ತಾರೀಕು, ಸಮಯ) ಪ್ರಸಾರವಾದ (ಶೀರ್ಷಿಕೆ) ಕಾರ್ಯಕ್ರಮದ 3ನೇ ನಿಮಿಷದಲ್ಲಿ (ಹೇಳಿದ ಮಾತು ಇದ್ದಂತೆ) ಎಂದು ಹೇಳಲಾಗಿದೆ. ಇದು ಒಂದು ರಾಜ್ಯದಿಂದ ಬಂದ ಎಲ್ಲ ಕಾರ್ಮಿಕರನ್ನೂ ಅಪರಾಧಿಗಳೆಂದು ತೋರಿಸುತ್ತದೆ. ಸುದ್ದಿಯಲ್ಲಿ ಹೇಳಿದ ಪ್ರಕರಣದಲ್ಲಿ ಆರೋಪಿಗಳು ಯಾರೆಂದು ಪೊಲೀಸರು ಹೇಳಿಲ್ಲ. ಪ್ರಕರಣಕ್ಕೆ ಸಂಬಂಧವಿಲ್ಲದ ವ್ಯಕ್ತಿಯ ಚಿತ್ರ ಬಳಸಲಾಗಿದೆ. ಚಿತ್ರ ಮತ್ತು ಶೀರ್ಷಿಕೆ ತೆಗೆದು, ಅಷ್ಟೇ ಎದ್ದು ಕಾಣುವಂತೆ ತಿದ್ದುಪಡಿ ಪ್ರಸಾರ ಮಾಡಬೇಕೆಂದು ಕೋರುತ್ತೇನೆ. ಲಿಂಕ್ ಮತ್ತು ಚಿತ್ರಗಳನ್ನು ಲಗತ್ತಿಸಿದ್ದೇನೆ.’

ಇಷ್ಟು ಸಾಕು. ಏನು ಬೇಕು ಅಂತ ಕೊನೆಗೆ ಬರೆಯುವುದನ್ನು ಮರೆಯಬೇಡಿ. ನನ್ನ ಅಂಗಡಿಗೆ ಬರುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ಕಷ್ಟ ಎಲ್ಲ ಬರೆದು ಬೇಡಿಕೆ ಬರೆಯುವುದನ್ನೇ ಬಿಟ್ಟಿರುತ್ತಾರೆ.

ಪೊಲೀಸರ ಹತ್ತಿರ ಯಾವಾಗ

‘ಹೊಡೀರಿ, ಓಡಿಸ್ರಿ, ಅಂಗಡಿ ಸುಡ್ರಿ’ ಅಂತ ಇದ್ದರೆ, ವಿಳಾಸ ಅಥವಾ ಫೋಟೊ ಹಾಕಿ ತೋರಿಸಿದ್ದರೆ, ಕಾಯಬೇಡಿ. ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು ಧರ್ಮ, ಜಾತಿ ಅಷ್ಟೇ ಅಲ್ಲ, ಹುಟ್ಟಿದ ಸ್ಥಳ, ವಾಸ, ಭಾಷೆಯ ಮೇಲೆ ದ್ವೇಷ ಹುಟ್ಟಿಸುವುದನ್ನೂ ಹಿಡಿಯುತ್ತದೆ, 3 ವರ್ಷದ ತನಕ ಶಿಕ್ಷೆ. ಸುಳ್ಳು ವದಂತಿಗೆ 353ನೇ ಕಲಮು ಇದೆ. ಜಿಲ್ಲೆಯ ಸೆನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಠಾಣೆ) ಅಥವಾ ಹತ್ತಿರದ ಯಾವುದೇ ಠಾಣೆಗೆ ಲಿಖಿತ ದೂರು ಕೊಡಿ. ‘ನಮ್ಮ ಹದ್ದು ಅಲ್ರಿ’ ಅಂದರೆ ಝೀರೊ ಎಫ್‌ಐಆರ್ ಅನ್ನಿ, ಅಂದರೆ ಹದ್ದು ಯಾವುದೇ ಇರಲಿ ಮೊದಲು ದಾಖಲಿಸಿ ಆಮೇಲೆ ಸರಿಯಾದ ಠಾಣೆಗೆ ಕಳಿಸುವುದು. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ಕಲಬುರಗಿ ನಗರವಾದರೆ ಕಮಿಷನರ್ ಕಚೇರಿಗೆ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ದ್ವೇಷ ಭಾಷಣದ ಬಗ್ಗೆ ದೂರಿಗೆ ಕಾಯದೆ ತಾವಾಗಿಯೇ ಕೇಸು ದಾಖಲಿಸಬೇಕು ಅಂತ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ, ಅದನ್ನು ದೂರಿನಲ್ಲಿ ಒಂದು ಸಾಲು ಬರೆಯಿರಿ. 196ರ ಕೇಸು ಕೋರ್ಟಿನಲ್ಲಿ ಮುಂದೆ ಹೋಗಲು ಸರ್ಕಾರದ ಅನುಮತಿ ಬೇಕು, ಹಾಗಾಗಿ ಎಫ್‌ಐಆರ್ ಆದ ಕೂಡಲೇ ಶಿಕ್ಷೆ ಆಗುತ್ತದೆ ಅಂತ ಯಾರಿಗೂ ಆಸೆ ಹಚ್ಚಬೇಡಿ.

ಗುಂಪು ಸೇರುತ್ತಿದೆ ಅಂತ ಗೊತ್ತಾದರೆ ದೂರು ಬರೆಯುತ್ತಾ ಕೂರಬೇಡಿ. 112ಕ್ಕೆ ಫೋನ್ ಮಾಡಿ. ಜಾಗ ಹೇಳಿ, ಎಷ್ಟು ಜನ ಹೇಳಿ. ಮಕ್ಕಳ ಬಗ್ಗೆ ನಿಜವಾಗಿಯೂ ಅನುಮಾನ ಇದ್ದರೆ 1098 ಇದೆ, ಅದಕ್ಕೆ ಹೇಳಿ, ಗ್ರೂಪಿಗಲ್ಲ.

ಗ್ರೂಪಿನಲ್ಲಿ ಹೇಗೆ ಮಾತಾಡಬೇಕು

ಎಲ್ಲಕ್ಕಿಂತ ಕಷ್ಟದ್ದು ಇದು. ಹಾಕಿದವರು ಸೋದರಮಾವ ಇರುತ್ತಾರೆ, ಮೇಷ್ಟ್ರು ಇರುತ್ತಾರೆ. ಎಲ್ಲರ ಮುಂದೆ ‘ಇದು ಸುಳ್ಳು’ ಅಂದರೆ ಮರ್ಯಾದೆಯ ಪ್ರಶ್ನೆ ಆಗಿ ಸುಳ್ಳೇ ಗಟ್ಟಿಯಾಗುತ್ತದೆ. ನಾನು ಮಾಡುವುದು ಇಷ್ಟು: ಮೊದಲು ಅವರೊಬ್ಬರಿಗೇ ಬರೆಯುತ್ತೇನೆ. ‘ಮಾವಾ, ಇದು ಎಲ್ಲಿಂದು, ಯಾರು ಕಳಿಸ್ಯಾರ? ಮುರ್ಕಿದಾಗ ಏನಾಗಿತ್ತು ನೆನಪದಲ್ಲ? ಅಡ್ಮಿನ್‌ಗೂ ತ್ರಾಸ ಆಗಿತ್ತು. ತೆಗೆದುಬಿಡ್ರಿ.’ ಹತ್ತರಲ್ಲಿ ಆರೇಳು ಜನ ತೆಗೆಯುತ್ತಾರೆ. ತೆಗೆಯದಿದ್ದರೆ ಮಾತ್ರ ಗ್ರೂಪಿನಲ್ಲಿ ಅಸಲಿ ಲಿಂಕ್ ಹಾಕಿ ಸುಮ್ಮನಾಗುತ್ತೇನೆ. ವಾದಕ್ಕೆ ಇಳಿಯುವುದಿಲ್ಲ. ನೀವೇ ಅಡ್ಮಿನ್ ಆಗಿದ್ದರೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಸೆಟ್ಟಿಂಗ್ ರಾತ್ರಿ ಒಂದು ಹೊತ್ತು ಆನ್ ಮಾಡಿಬಿಡಿ, ಬೆಳಗ್ಗೆ ಎಲ್ಲರೂ ತಣ್ಣಗಿರುತ್ತಾರೆ.

ಯಾರ ಬಗ್ಗೆ ಸುದ್ದಿಯೋ ಅವರನ್ನು ಕೇಳಿ

ಇದನ್ನು ಮೊದಲೇ ಬರೆಯಬೇಕಿತ್ತು. ದೂರು ಕೊಡುವ ಹುರುಪಿನಲ್ಲಿ ನಾವು ಆ ಮನುಷ್ಯನನ್ನು ಕೇಳುವುದನ್ನೇ ಮರೆಯುತ್ತೇವೆ. ಅವನಿಗೆ ಠಾಣೆ ಅಂದರೆ ಭಯ ಇರಬಹುದು, ಮನೆ ಮಾಲೀಕ ಖಾಲಿ ಮಾಡಿಸಿಯಾನು ಅಂತ ಇರಬಹುದು. ಅವನು ಬೇಡ ಅಂದರೆ ಅವನ ಹೆಸರು, ಫೋಟೊ ಇಲ್ಲದೆ ನಿಮ್ಮ ಹೆಸರಲ್ಲಿ ಕೊಡಿ. ‘ಇವನು ಒಳ್ಳೆಯವನು’ ಅಂತ ಸಾಬೀತು ಮಾಡಲು ಅವನ ಆಧಾರ್ ಕಾರ್ಡಿನ ಫೋಟೊ ಎಲ್ಲೂ ಹಾಕಬೇಡಿ, ಗ್ರೂಪಿಗಂತೂ ಬೇಡವೇ ಬೇಡ. ಅವನು ಒಳ್ಳೆಯವನು ಅಂತ ತೋರಿಸುವ ಹೊರೆ ಅವನದಲ್ಲ. ಎಲ್ಲಾದರೂ ಕೊಡಲೇಬೇಕಾದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ತೆಗೆದುಕೊಡಿ, ಯುಐಡಿಎಐ ತಾಣದಲ್ಲೇ ಸಿಗುತ್ತದೆ.

ಫೋಟೊ ಬದಲಾದ ಮರುದಿನ ನಮ್ಮ ಹುಡುಗ ಮತ್ತೆ ಗಾಡಿ ಹಚ್ಚಿದ. ಅದಕ್ಕೆ ಮುಂಚೆ ಅಂಗಡಿಗೆ ಬಂದು ಆಧಾರ್ ದೊಡ್ಡದಾಗಿ ಝೆರಾಕ್ಸ್ ಮಾಡಿ ಲ್ಯಾಮಿನೇಷನ್ ಹಾಕಿಕೊಡಿ, ಗಾಡಿಗೆ ಮುಂದೆ ಕಟ್ಟುತ್ತೇನೆ ಅಂದ. ಬೇಡಪ್ಪಾ ಅಂತ ಕಾರ್ಡು ವಾಪಸ್ ಕೊಟ್ಟೆ. ಅವತ್ತು ರಾತ್ರಿ ಹೋಗುವಾಗ ನೋಡಿದರೆ ಗಾಡಿಯ ಗಾಜಿನ ಒಳಗೆ, ಪುದೀನಾ ನೀರಿನ ಪಾತ್ರೆ ಪಕ್ಕ, ಅದೇ ಕಾರ್ಡು. ಬೇರೆ ಅಂಗಡಿಯಲ್ಲಿ ಮಾಡಿಸಿಕೊಂಡಿದ್ದ.